ಶೇ 63ಕ್ಕೆ ನಿಂತ ಚಿತ್ರ

ಒಂದು ಕಾಲದಲ್ಲಿ ಸಿನಿಮಾ ತೆಗೆಯುವುದೆಂದರೆ ಗಾಂಧಿನಗರದವರ ಕೆಲಸ. ಇಂದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಯಾವ ಬೀದಿಗೆ ಹೋದರೂ ವಿಡಿಯೊ ತೆಗೆಯುವ ಹುಡುಗ ಹುಡುಗಿಯರು ಸಿಗುತ್ತಾರೆ. ಕಾಲೇಜಿನ ಪ್ರಾಜೆಕ್ಟುಗಳೂ ಕಿರುಚಿತ್ರದ ರೂಪದಲ್ಲಿ ಬರತೊಡಗಿವೆ. ಚಿತ್ರ ತೆಗೆಯುವುದು, ಬೇಕಾದಷ್ಟನ್ನು ಕತ್ತರಿಸಿ ಜೋಡಿಸುವುದು, ಇವೆರಡೂ ಖುಷಿಯ ಕೆಲಸಗಳು. ಕಷ್ಟ ಎದುರಾಗುವುದು ಮೂರನೆಯ ಹೆಜ್ಜೆಯಲ್ಲಿ. ಜೋಡಿಸಿದ್ದನ್ನೆಲ್ಲ ಒಂದೇ ಫೈಲಾಗಿ ಹೊರತೆಗೆಯುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ಕಂಪ್ಯೂಟರು ಇದ್ದಕ್ಕಿದ್ದಂತೆ ಮುಷ್ಕರ ಹೂಡುತ್ತದೆ.

ಯಲಹಂಕ ಉಪನಗರದ ಒಂದು ಮನೆಯಲ್ಲಿ ಹೀಗೇ ಆಯಿತು. ಪದವಿ ತರಗತಿಯ ಹುಡುಗಿ. ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ಬಗ್ಗೆ 12 ನಿಮಿಷದ ಚಿತ್ರ ಮಾಡಿದ್ದಳು. ಕ್ಯಾಮೆರಾ ಬಾಡಿಗೆಯದು, ಮೆಮೊರಿ ಕಾರ್ಡು ಮಾತ್ರ ಸ್ವಂತದ್ದು. ಹಲವು ವಾರ ಬೆಳಗಿನ ಜಾವ ಎದ್ದು ಹೋಗಿ ಗೂಡು, ಮರಿ, ಮರಿಗೆ ತಾಯಿಹಕ್ಕಿ ಉಣಿಸುವುದು ಎಲ್ಲವನ್ನೂ ಸೆರೆಹಿಡಿದಿದ್ದಳು. ಮರುದಿನವೇ ಚಿತ್ರವನ್ನು ಒಪ್ಪಿಸಬೇಕು. ರಾತ್ರಿ ಎಕ್ಸ್‌ಪೋರ್ಟ್‌ಗೆ ಕೊಟ್ಟರೆ ಶೇ 63ಕ್ಕೆ ಬಂದು ನಿಂತುಬಿಟ್ಟಿತು. ಮತ್ತೆ ಕೊಟ್ಟಳು, ಮತ್ತೆ ನಿಂತಿತು. ಮರಿಗಳು ಹಾರಿಹೋಗಿ ಗೂಡು ಖಾಲಿಯಾಗಿದ್ದವು. ಅದೇ ದೃಶ್ಯವನ್ನು ಇನ್ನೊಮ್ಮೆ ತೆಗೆಯುವಂತಿರಲಿಲ್ಲ.

"ಅಷ್ಟು ದುಡ್ಡು ಕೊಟ್ಟು ತಂದ ಕಂಪ್ಯೂಟರು!" ಎಂದು ತಾಯಿ ಪೇಚಾಡಿದರು. ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕಂಪ್ಯೂಟರಿನ ಗಂಧವೂ ಅವರಿಗಿಲ್ಲ. ಆದರೆ ಕೆಟ್ಟ ಯಂತ್ರಗಳ ಸಹವಾಸ ಬಹಳ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ರತಿ ಸಲಾನೂ ಅಲ್ಲೇ ನಿಲ್ಲುತ್ತೇನಮ್ಮ, ಇಲ್ಲಾ ಬೇರೆ ಬೇರೆ ಕಡೆ ನಿಲ್ಲುತ್ತಾ?"

ಇಡೀ ರೋಗನಿದಾನ ಆ ಪ್ರಶ್ನೆಯಲ್ಲೇ ಇದೆ ಎಂದರೆ ತಪ್ಪಾಗಲಾರದು. ಎಕ್ಸ್‌ಪೋರ್ಟ್ ಒಂದೊಂದು ಸಲ ಒಂದೊಂದು ಕಡೆ ನಿಂತರೆ ದೋಷ ಸಾಮಾನ್ಯವಾಗಿ ಯಂತ್ರದ್ದು. ಅದು ಕಾದಿರಬಹುದು, ಮೆಮೊರಿ ಸಾಲದೆ ಹೋಗಿರಬಹುದು. ಆರಂಭದಲ್ಲೇ ನಿಂತರೆ ಡಿಸ್ಕಿನಲ್ಲಿ ಜಾಗ ಇದೆಯೇ, ಆಯ್ದುಕೊಂಡ ಸೆಟ್ಟಿಂಗ್ ಸರಿಯೇ ಎಂದು ನೋಡಬೇಕು. ಪ್ರತಿ ಸಲವೂ ಒಂದೇ ಕಡೆ ನಿಂತರೆ ಆ ಜಾಗದಲ್ಲಿರುವ ದೃಶ್ಯವನ್ನೋ ಅದಕ್ಕೆ ಹಚ್ಚಿದ ಪರಿಣಾಮವನ್ನೋ ಅನುಮಾನಿಸಬೇಕು.

ಇಲ್ಲಿ ಹುಡುಗಿಗೆ ಒಂದು ಸಂದೇಹ ಬಂತು. ಆ ದೃಶ್ಯ ಕೆಟ್ಟಿದ್ದರೆ ಜೋಡಿಸುವಾಗ ತೆರೆಯ ಮೇಲೆ ಚೆನ್ನಾಗಿ ಓಡಿದ್ದು ಹೇಗೆ? ಇದಕ್ಕೆ ಉತ್ತರ 'ರಾ' ಎಂಬ ಪದದಲ್ಲಿದೆ.

ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ತಾನಾಗಿ ತಿಳಿಯದು, ಬೆಳಕಿನ ಪ್ರಮಾಣವಷ್ಟೇ ತಿಳಿಯುತ್ತದೆ. ಆದ್ದರಿಂದ ಅದರ ಮೇಲೆ ಬಣ್ಣದ ಪುಟ್ಟ ಶೋಧಕಗಳನ್ನು ಹೊದಿಸಿರುತ್ತಾರೆ. ಪ್ರತಿ 4 ಚುಕ್ಕೆಗಳಲ್ಲಿ 2 ಹಸಿರು, 1 ಕೆಂಪು, 1 ನೀಲಿ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಈ ಚುಕ್ಕೆಗಳ ಅಳತೆಯನ್ನು ಬೇಯಿಸದೆ, ಒಗ್ಗರಣೆ ಹಾಕದೆ ಹಾಗೆಯೇ ಬರೆದಿಟ್ಟರೆ ಅದು ರಾ ಫೈಲು. 3840 ಅಡ್ಡ, 2160 ಉದ್ದದ ಒಂದು ಚಿತ್ರದಲ್ಲಿ 82,94,400 ಚುಕ್ಕೆಗಳು. ಒಂದೊಂದಕ್ಕೂ 12 ಬಿಟ್ ಎಂದರೆ ಒಂದು ಚಿತ್ರಕ್ಕೆ ಸುಮಾರು 12.4 ಮೆಗಾಬೈಟ್. ಸೆಕೆಂಡಿಗೆ 25 ಚಿತ್ರಗಳಾದರೆ 311 ಮೆಗಾಬೈಟ್. ನಿಮಿಷಕ್ಕೆ 18 ಗಿಗಾಬೈಟಿಗೂ ಹೆಚ್ಚು! ಅನೇಕ ಕ್ಯಾಮೆರಾಗಳು ಇದನ್ನು ತುಸು ಒತ್ತಿ ಚಿಕ್ಕದು ಮಾಡುತ್ತವೆ. ಆದರೂ ಹೊರೆ ಹೊರೆಯೇ.

ಇಷ್ಟು ಭಾರವನ್ನು ಮನೆಯ ಕಂಪ್ಯೂಟರು ಸರಾಗವಾಗಿ ಓಡಿಸಲಾರದು. ಹಾಗಾಗಿ ಜೋಡಣೆಯ ಹೊತ್ತಿಗೆ ಹಗುರವಾದ ನಕಲು ಫೈಲುಗಳನ್ನು ಬಳಸುತ್ತಾರೆ. ಇವಕ್ಕೆ ಪ್ರಾಕ್ಸಿ ಎಂದು ಹೆಸರು. ಕೆಲವು ಕ್ಯಾಮೆರಾಗಳು ಚಿತ್ರೀಕರಣದ ಜೊತೆಗೇ ಇವನ್ನೂ ಬರೆದುಕೊಡುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ತಂತ್ರಾಂಶ ಮೂಲ ಫೈಲುಗಳನ್ನು ತೆರೆಯುತ್ತದೆ. ಹುಡುಗಿ ದಿನಗಟ್ಟಲೆ ನೋಡಿದ್ದು ನಕಲನ್ನು. ಮೂಲ ಹೇಗಿದೆ ಎಂಬುದು ಗೊತ್ತಾದದ್ದು ಕೊನೆಯ ರಾತ್ರಿ.

ಇನ್ನು ದೋಷದ ಜಾಗವನ್ನು ಹುಡುಕಬೇಕು. ಶೇ 63 ಎಂಬುದು ಸುಮಾರು ಲೆಕ್ಕ, ನಿಖರವಲ್ಲ. ತಂದೆ ಹೇಳಿದರು: "ನಮ್ಮಲ್ಲಿ ಉದ್ದನೆ ಪೈಪಲ್ಲಿ ಎಲ್ಲೋ ಕಟ್ಟಿಕೊಂಡ್ರೆ ಮಧ್ಯದಲ್ಲಿ ಬಿಚ್ಚಿ ನೋಡ್ತೀವಿ. ಯಾವ ಅರ್ಧದಲ್ಲಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು." ಹುಡುಗಿ ಮೊದಲ 6 ನಿಮಿಷವನ್ನು ಮಾತ್ರ ಎಕ್ಸ್‌ಪೋರ್ಟ್‌ಗೆ ಕೊಟ್ಟಳು. ಸರಾಗವಾಗಿ ಬಂತು. 6ರಿಂದ 9 ನಿಮಿಷದ ಭಾಗ ನಿಂತಿತು. 6ರಿಂದ ಏಳೂವರೆವರೆಗಿನದು ಬಂತು. ಅಲ್ಲಿಂದ ಮುಂದಿನ 45 ಸೆಕೆಂಡು ನಿಂತಿತು. ನಾಲ್ಕೇ ಪರೀಕ್ಷೆಯಲ್ಲಿ 12 ನಿಮಿಷದ ಚಿತ್ರ 45 ಸೆಕೆಂಡಿಗೆ ಇಳಿಯಿತು. ಅಷ್ಟರೊಳಗೆ ಇದ್ದದ್ದು ಮೂರು ದೃಶ್ಯಗಳು. ತಾಯಿಹಕ್ಕಿ ಮರಿಗೆ ಉಣಿಸುವ ದೃಶ್ಯವನ್ನು ತೆಗೆದಿಟ್ಟರೆ ಉಳಿದವು ಸಲೀಸಾಗಿ ಹೊರಬಂದವು. ಆ ಫೈಲಿನ ಗಾತ್ರವನ್ನು ಕಾರ್ಡಿನಲ್ಲಿದ್ದ ಮೂಲದ ಗಾತ್ರದೊಡನೆ ಹೋಲಿಸಿದಾಗ ವ್ಯತ್ಯಾಸ ಕಂಡಿತು. ನಕಲು ಪೂರ್ಣವಾಗಿ ಆಗಿರಲೇ ಇಲ್ಲ.

ಪುಣ್ಯಕ್ಕೆ ಕಾರ್ಡನ್ನು ಅವಳು ಅಳಿಸಿರಲಿಲ್ಲ. ಅದೊಂದು ಫೈಲನ್ನು ಹೊಸದಾಗಿ ನಕಲು ಮಾಡಿಕೊಂಡು ಮತ್ತೆ ಎಕ್ಸ್‌ಪೋರ್ಟ್‌ಗೆ ಕೊಟ್ಟಾಗ ಅಂಕಿ 63 ದಾಟಿತು, 100 ಮುಟ್ಟಿತು. ಸೆಕೆಂಡಿಗೆ 60 ಮೆಗಾಬಿಟ್ ಲೆಕ್ಕದಲ್ಲಿ ತಯಾರಾದ ಫೈಲಿನ ಗಾತ್ರ ಸುಮಾರು 5.4 ಗಿಗಾಬೈಟ್.

ಆದರೆ 32 ಗಿಗಾಬೈಟಿನ ಖಾಲಿ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ! ಇದೂ ಹಲವರನ್ನು ಕಾಡುವ ಸಮಸ್ಯೆ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫೈಲಿನ ಗಾತ್ರವನ್ನು ಬರೆಯಲು ಇರುವುದು 32 ಬಿಟ್ ಮಾತ್ರ. 2ರ 32ನೆಯ ಘಾತಕ್ಕಿಂತ ಒಂದು ಕಡಿಮೆ, ಅಂದರೆ 429,49,67,295 ಬೈಟ್‌ಗಳೇ ಅಲ್ಲಿ ಒಂದು ಫೈಲಿನ ಗರಿಷ್ಠ ಮಿತಿ. ಜಾಗ ಎಷ್ಟೇ ಖಾಲಿಯಿದ್ದರೂ 4 ಗಿಗಾಬೈಟ್ ದಾಟಿದ ಒಂಟಿ ಫೈಲು ಹಿಡಿಸದು. ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಹಿಡಿಸುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರ ಮಾತ್ರ ಇರಲಿ.

ಮೂಲವನ್ನು ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರ ಕಣ್ಣೆದುರಿಗೇ ಉದಾಹರಣೆಯಿದೆ. 1934ರಲ್ಲಿ ತೆರೆಕಂಡ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ಇಂದು ಅದರ ಒಂದು ಪ್ರತಿಯೂ ನೋಡಲು ಸಿಗುವುದಿಲ್ಲ. ಮೂಲ ಹೋದರೆ ಎಂಥ ಯಂತ್ರ ತಂದರೂ ಹೋದದ್ದು ಮರಳಿ ಬಾರದು.

ಆದ್ದರಿಂದ ವಿದ್ಯಾರ್ಥಿಗಳು ಕಾರ್ಡಿನಿಂದ ನಕಲು ಮಾಡಿದ ಕೂಡಲೇ ಗಾತ್ರವನ್ನು ತಾಳೆ ನೋಡಬೇಕು. ಇನ್ನೊಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಡಬೇಕು. ಚಿತ್ರ ಒಪ್ಪಿಸುವವರೆಗೆ ಕಾರ್ಡನ್ನು ಅಳಿಸಕೂಡದು. ಎಕ್ಸ್‌ಪೋರ್ಟ್ ಕೆಟ್ಟರೆ ಹತ್ತು ಸೆಟ್ಟಿಂಗ್‌ಗಳನ್ನು ಒಟ್ಟಿಗೇ ಬದಲಿಸದೆ, ಪ್ರಯೋಗಶಾಲೆಯಲ್ಲಿ ಕಲಿತಂತೆ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಕೊನೆಯ ರಾತ್ರಿಗೆ ಕಾಯದೆ, ಅರ್ಧ ಕೆಲಸವಾದಾಗಲೇ ಒಮ್ಮೆ ಹೊರತೆಗೆದು ನೋಡುವುದು ಇನ್ನೂ ಲೇಸು.

ಪೋಷಕರಿಗೂ ಒಂದು ಮಾತು. ಹೊಸ ಕಂಪ್ಯೂಟರು ಕೊಡಿಸುವ ಮೊದಲು, ಮಕ್ಕಳನ್ನು ಬೈಯುವ ಮೊದಲು, "ಎಲ್ಲಿ ನಿಲ್ಲುತ್ತೆ?" ಎಂದು ಕೇಳಿ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬಹುದು. ಹಾಗೆ ಕೂರಲು ಕಂಪ್ಯೂಟರ್ ಬಲ್ಲವರೇ ಆಗಬೇಕೆಂದಿಲ್ಲ.