ರಾತ್ರಿ ಎಂಟರ ಪಾಠ

ಐವತ್ತರ ಆಸುಪಾಸಿನಲ್ಲಿ ಮತ್ತೆ ಓದಲು ಹೊರಟವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಈ ವಯಸ್ಸಲ್ಲಿ ಆನ್‌ಲೈನ್ ಅಂದ್ರೆ ಕಷ್ಟ ಆಗಲ್ವಾ?’ ಫೋನಿನಲ್ಲೇ ಕರೆಂಟ್ ಬಿಲ್ ಕಟ್ಟುವವರಿಗೆ ಲಾಗಿನ್, ಪಾಸ್‌ವರ್ಡ್, ಓಟಿಪಿ ದೊಡ್ಡ ವಿಷಯವಲ್ಲ. ಒಂದೆರಡು ವಾರದಲ್ಲಿ ಕೈ ಪಳಗುತ್ತದೆ. ನಿಜವಾದ ತೊಡಕು ಬೇರೆ. ಮನೆಯಲ್ಲೇ ಕೂತು ಓದುವವರು ಓದುತ್ತಿದ್ದಾರೆ ಎಂದು ಮನೆಯವರಿಗೆ ಅನಿಸುವುದೇ ಇಲ್ಲ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಜಾಲತಾಣದಲ್ಲಿ ಹನ್ನೆರಡು ವಾರಗಳ ಮನಃಶಾಸ್ತ್ರದ ಕೋರ್ಸಿಗೆ ಸೇರಿದಾಗ ನನಗೆ ಇದು ಅರಿವಾಯಿತು. ಅರ್ಧ ಗಂಟೆಯ ವಿಡಿಯೊ ಮುಗಿಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಇಯರ್‌ಫೋನ್ ಹಾಕಿಕೊಂಡು ನೋಟ್‌ಬುಕ್ ಬಿಡಿಸುವಷ್ಟರಲ್ಲಿ ಅತ್ತೆಯ ಕರೆ: ‘ಫೋನ್ ಆಮೇಲೆ ನೋಡ್ಕೋಬಹುದು, ಬಾಮ್ಮಾ, ಸಾರಿಗೆ ಒಂದು ಒಗ್ಗರಣೆ ಹಾಕು.’ ಅವರದು ತಪ್ಪಲ್ಲ. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಫೋನ್ ಹಿಡಿದು ಕೂತ ಸೊಸೆ.

ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು ಎಂಬುದು ನಮ್ಮಂಥವರಿಗೆ ದೊಡ್ಡ ವರ. ತುಂಬಿದ ತರಗತಿಯಲ್ಲಿ ಎದ್ದು ನಿಂತು ಮೂರನೆಯ ಸಲ ‘ಸರ್, ಇನ್ನೊಮ್ಮೆ ಹೇಳಿ’ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ನಾವು ನಿಲ್ಲಿಸಬಹುದಾದ ಪಾಠವನ್ನು ಮನೆಮಂದಿಯೆಲ್ಲ ನಿಲ್ಲಿಸುತ್ತಾರೆ.

ಅಂಚೆ ಮೂಲಕ ಓದಿದವರಿಗೆ ಈ ತೊಂದರೆ ಇಷ್ಟಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತು; 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಸಂಪರ್ಕ ತರಗತಿ ಬಂತೆಂದರೆ ರಜೆ ಹಾಕಿ, ಬ್ಯಾಗು ಹಿಡಿದು ಬಸ್ಸು ಹತ್ತಬೇಕಿತ್ತು. ಆಗ ಅಕ್ಕಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು, ಇವರು ಓದುತ್ತಿದ್ದಾರೆ ಅಂತ. ಈಗ ಸಿಂಧನೂರಿನ ಗೃಹಿಣಿಯೂ ಐಐಟಿ ಪ್ರಾಧ್ಯಾಪಕರ ಪಾಠವನ್ನು ಶುಲ್ಕವಿಲ್ಲದೆ ಕೇಳಬಹುದು. ಇದು ಸಣ್ಣ ಲಾಭವಲ್ಲ. ಆದರೆ ಪ್ರಯಾಣ ತಪ್ಪಿದ ಹಾಗೇ, ಓದಿಗೆಂದು ಮನೆ ಬಿಟ್ಟುಕೊಡುತ್ತಿದ್ದ ಹೊತ್ತೂ ತಪ್ಪಿಹೋಯಿತು.

ಆ ಹೊತ್ತನ್ನು ನಾವೇ ಬಾಯಿಬಿಟ್ಟು ಕೇಳಬೇಕು. ನಾನು ಕೇಳಿದೆ: ರಾತ್ರಿ ಎಂಟರಿಂದ ಒಂಬತ್ತು ನನ್ನ ಪಾಠದ ಹೊತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಸೈನ್‌ಮೆಂಟಿನ ಕಡೇ ದಿನಗಳನ್ನೂ ಬರೆದೆ. ಕಣ್ಣಿಗೆ ಬಿದ್ದದ್ದಕ್ಕೆ ಮನೆ ಬೇಗ ಒಗ್ಗಿಕೊಳ್ಳುತ್ತದೆ. ‘ಅವಳಿಗೆ ಪಾಠ ಇದೆ, ಟೀವಿ ಸಣ್ಣಗೆ ಮಾಡು’ ಎಂದು ಅತ್ತೆಯೇ ಮೊಮ್ಮಗನಿಗೆ ಹೇಳತೊಡಗಿದರು.

ಕೋರ್ಸಿನ ಲೆಕ್ಕಾಚಾರವೂ ಸಂಸಾರಸ್ಥರಿಗೆ ದಯೆ ತೋರಿಸುತ್ತದೆ. ‘ಸ್ವಯಂ’ನಲ್ಲಿ ಐಐಟಿಗಳು ನಡೆಸುವ ಎನ್‌ಪಿಟೆಲ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಹನ್ನೆರಡು ವಾರಗಳ ಕೋರ್ಸಾದರೆ ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಚೆನ್ನಾಗಿ ಮಾಡಿದ ಎಂಟನ್ನಷ್ಟೇ ಎಣಿಸುತ್ತಾರೆ. ಒಂದು ವಾರ ಮದುವೆಗೆ ಹೋಯಿತು, ಇನ್ನೊಂದು ವಾರ ಜ್ವರಕ್ಕೆ ಹೋಯಿತು ಅಂದರೂ ಕೈಬಿಡಬೇಕಾಗಿಲ್ಲ.

ನೆನಪಿನ ಶಕ್ತಿ ಕುಂದಿದೆ ಎಂದು ಹೆದರುವವರಿಗೆ ಒಂದು ಮಾತು. ಹೆಸರು, ಇಸವಿ ಜಾರುವುದು ನಿಜ. ಅವನ್ನು ಕೈಯಾರೆ ಬರೆದುಕೊಳ್ಳಬೇಕು. ಆದರೆ ಮನಃಶಾಸ್ತ್ರಜ್ಞ ಸ್ಕಿನ್ನರ್‌ನ ಪಾಠ ನೋಡಿ. ಪ್ರತಿಸಲವೂ ಸಿಗುವ ಬಹುಮಾನ ನಿಂತರೆ ಅಭ್ಯಾಸ ಬೇಗ ಬಿಟ್ಟುಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನದಿಂದ ಬೆಳೆದ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಇಪ್ಪತ್ತರ ಹುಡುಗರು ಇದನ್ನು ಉರುಹೊಡೆಯುತ್ತಾರೆ. ಹತ್ತು ಸಲ ಬೇಡವೆಂದು ಹನ್ನೊಂದನೆಯ ಸಲ ಚಾಕೊಲೇಟ್ ಕೊಟ್ಟ ತಾಯಿಗೆ, ಮಗು ಮರುದಿನ ಇನ್ನೂ ಜೋರಾಗಿ ಹಟ ಹಿಡಿದದ್ದು ಏಕೆಂದು ಈ ಪಾಠ ಕೇಳಿದ ಕೂಡಲೇ ಹೊಳೆಯುತ್ತದೆ. ಬದುಕಿನಲ್ಲಿ ಕಂಡದ್ದಕ್ಕೆ ಪಾಠದಲ್ಲಿ ಕಾರಣ ಸಿಗುವ ಸುಖ ಕಾಲೇಜಿನ ದಿನಗಳಲ್ಲಿ ನನಗೆ ಸಿಕ್ಕಿರಲಿಲ್ಲ.

ನಿಮ್ಮ ಮನೆಯಲ್ಲೂ ಅಮ್ಮನೋ, ಸೊಸೆಯೋ, ನಿವೃತ್ತರಾದ ಅಪ್ಪನೋ ಹೀಗೆ ಓದುತ್ತಿರಬಹುದು. ಅವರ ಪಾಠ ಎಷ್ಟು ಹೊತ್ತಿಗೆ ಎಂದು ಕೇಳಿ ತಿಳಿದುಕೊಳ್ಳಿ. ಆ ಹೊತ್ತಿನಲ್ಲಿ ಕರೆಯಬೇಡಿ. ಪರೀಕ್ಷೆಯ ದಿನ ಕೇಂದ್ರದವರೆಗೂ ಜೊತೆಗೆ ಹೋಗಿ ಬಿಟ್ಟು ಬನ್ನಿ.