ಪಿಯಾನೋ ಮುಂದೆ ಕೂತಿದ್ದ ಮಹಾರಾಜರು

ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಗೀತಗಾರನೊಬ್ಬ ಇದ್ದ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟು, ಎಲ್ಲೆಲ್ಲೋ ಅಲೆದು ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆನಿಂತವನು. ರಹ್ಮಾನಿನಫ್‌ನ ಆಪ್ತ ಗೆಳೆಯ. ಆದರೆ ಗೆಳೆಯನಿಗೆ ಸಿಕ್ಕ ಹೆಸರು ಇವನಿಗೆ ಸಿಗಲಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆರೋಗ್ಯವೂ ಕೆಟ್ಟಿತ್ತು. ಅಂಥವನ ಮೂರು ಪಿಯಾನೋ ಕಾನ್ಚೆರ್ಟೋಗಳು, ಸೊನಾಟಾಗಳು, ಹಾಡುಗಳು ಅವನದೇ ಬೆರಳುಗಳಲ್ಲಿ ಇವತ್ತಿಗೂ ಕೇಳಲು ಸಿಗುತ್ತವೆ ಎಂದರೆ ಅದಕ್ಕೆ ಕಾರಣ ಮೈಸೂರು. 1940ರ ದಶಕದ ಕೊನೆಯಲ್ಲಿ ಮೆಡ್ಟ್ನರ್ ಸೊಸೈಟಿ ಎಂಬುದೊಂದನ್ನು ಹುಟ್ಟುಹಾಕಿ, ಆ ಧ್ವನಿಮುದ್ರಣಗಳ ಖರ್ಚು ಹೊತ್ತವರು ಜಯಚಾಮರಾಜೇಂದ್ರ ಒಡೆಯರು. ಮೆಡ್ಟ್ನರ್ ತನ್ನ ಮೂರನೇ ಕಾನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ.

ನಮ್ಮ ಕಡೆ ಜಯಚಾಮರಾಜ ಒಡೆಯರೆಂದರೆ ಕೊನೆಯ ಮಹಾರಾಜರು, ದಸರಾ ಅಂಬಾರಿಯಲ್ಲಿ ಕೂತವರು, ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದವರು. ಪಿಯಾನೋ ವಿಷಯ ಗೊತ್ತಿರುವವರು ಕಡಿಮೆ. ಅದು ಅರಮನೆಯ ಮಕ್ಕಳು ಹೊತ್ತು ಹೋಗಲೆಂದು ಕಲಿಯುವ ಶೋಕಿ ಆಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಷಿಯೇಟ್ ಪಡೆದವರು ಅವರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಕಛೇರಿ ಕೊಡುವ ಪಿಯಾನೋ ವಾದಕರಾಗಬೇಕು ಎಂಬ ಆಸೆ ಅವರಿಗಿತ್ತು ಎಂದು ಹೇಳುತ್ತಾರೆ. ಇದ್ದಿರಬೇಕು. ಅವರ ಅಕ್ಕತಂಗಿಯರಲ್ಲಿ ವಿಜಯಾದೇವಿಯವರೂ ಪಿಯಾನೋ ಹಿಡಿದವರೇ. ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಬಳಿ ಕಲಿತು, 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು.

1940 ಆ ಆಸೆಗೆ ಅಡ್ಡ ಬಂತು. ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಸೆಪ್ಟೆಂಬರ್‌ನಲ್ಲಿ ಪಟ್ಟ. ಆಗ ವಯಸ್ಸು 21.

ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಯುದ್ಧ ಮುಗಿದ ಮೇಲೆ ಮೈಸೂರಿಗೆ ಬಂದಿದ್ದ. ಇನ್ನೂ ಮೂವತ್ತಾಗದ ಈ ರಾಜರ ರೆಕಾರ್ಡ್ ಸಂಗ್ರಹವನ್ನೂ, ಧ್ವನಿವರ್ಧಕಗಳನ್ನೂ, ಒಂದಲ್ಲ ಹಲವು ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದ. ವಾಪಸು ಹೋಗುವಾಗ ವಾದ್ಯವೃಂದಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಸಿಗುವ ಭರವಸೆ ಅವನ ಜೇಬಿನಲ್ಲಿತ್ತು. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದಾಗಲೂ (ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್) ಹಣದ ಹೊಣೆ ಹೊತ್ತವರು ಇವರೇ. ಅಲ್ಲಿಗೆ ಹೋಗಿ ಕೇಳುವ ಯೋಗ ಅವರಿಗಿರಲಿಲ್ಲ. ಧ್ವನಿಮುದ್ರಣವನ್ನು ಮೈಸೂರಿಗೆ ಕಳಿಸಿಕೊಡುವ ಏರ್ಪಾಡಾಗಿತ್ತು.

ನಾನು ಪದವಿ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುವವನು. ಸೌಂದರ್ಯಮೀಮಾಂಸೆಯ ಪಾಠದ ನಡುವೆ ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ದುಡ್ಡು ಯಾರದು?"

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಪ್ರಶ್ನೆ ನಮ್ಮ ಮನೆಯದೇ. ನಮ್ಮ ತಾತ ಮಂಡ್ಯದ ಕಡೆಯ ರೈತ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು 'ಮೈಸೂರು ಚಲೋ' ಶುರುವಾಯಿತಲ್ಲ, ಆಗ ಜೈಲು ಸೇರಿದವರಲ್ಲಿ ಅವರೂ ಒಬ್ಬರು. ದಿವಾನ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಎಂದು ಕೂಗಿ ಗಂಟಲು ಹರಿದುಕೊಂಡಿದ್ದನ್ನು ಮುಪ್ಪಿನಲ್ಲೂ ಹೇಳುತ್ತಿದ್ದರು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅದೇ ತಾತನ ಮನೆಯ ನಡುಮನೆಯಲ್ಲಿ, ಗಾಂಧೀಜಿ ಪಟದ ಪಕ್ಕದಲ್ಲಿ, ಮಹಾರಾಜರ ಪಟವೂ ಇತ್ತು. ಹಬ್ಬದ ದಿನ ಎರಡಕ್ಕೂ ಹೂವು. ಇದೇನು ತಾತ ಹಿಂಗೆ ಅಂದರೆ, "ನಮ್ ಜಗಳ ಇದ್ದುದ್ದು ದಿವಾನ್ರ ಮ್ಯಾಲೆ ಕಣ್ಲಾ, ದೊರೆಗಳ ಮ್ಯಾಲಲ್ಲ" ಅನ್ನುತ್ತಿದ್ದರು.

ಆ ಉತ್ತರ ನನಗೆ ಯಾವತ್ತೂ ಸಾಕಾಗಲಿಲ್ಲ. ದಿವಾನರು ದೊರೆಗಳ ಹೆಸರಿನಲ್ಲೇ ಆಳುತ್ತಿದ್ದರು. ಹೆಚ್ಚೂಕಡಿಮೆ ಅದೇ ವರ್ಷಗಳಲ್ಲಿ ಗೋಲ್ಡರ್ಸ್ ಗ್ರೀನಿನ ಮುದುಕನಿಗೂ ಲಂಡನ್ನಿನ ವಾದ್ಯವೃಂದಕ್ಕೂ ಮೈಸೂರಿನಿಂದ ಹಣ ಹೋಗುತ್ತಿತ್ತು. ಅದು ಅರಮನೆಯ ಸ್ವಂತದ್ದು ಎನ್ನಬಹುದು. ಗಣರಾಜ್ಯ ಬಂದ ಮೇಲೆ ಮೈಸೂರು ಅರಮನೆಗೆ ನಿಗದಿಯಾದ ರಾಜಧನವೇ ವರ್ಷಕ್ಕೆ 26 ಲಕ್ಷ ರೂಪಾಯಿ. ಆದರೆ ಅರಮನೆಯ ಸ್ವಂತದ್ದು ಎಂಬುದು ಎಲ್ಲಿಂದ ಬಂತು ಎಂದು ಆ ಹುಡುಗಿ ಮತ್ತೆ ಕೇಳಿದರೆ? ಇನ್ನೊಂದು ಕಡೆ, ಆ ಹಣ ಹೋಗದಿದ್ದರೆ ಮೆಡ್ಟ್ನರ್‌ನ ಬೆರಳುಗಳ ಸದ್ದು ಅವನ ಜೊತೆಗೇ 1951ರಲ್ಲಿ ಮಣ್ಣಾಗುತ್ತಿತ್ತು. ಕಲೆಗೆ ಸುರಿದ ಹಣವೆಲ್ಲ ಪವಿತ್ರ ಎಂದು ಹೇಳುವ ಪೈಕಿ ನಾನಲ್ಲ. ಆ ಹಣದಲ್ಲಿ ಇನ್ನೂ ನಾಲ್ಕು ಕೆರೆಯ ಹೂಳು ತೆಗೆಸಬಹುದಿತ್ತು ಎಂದು ಹೇಳಿ ಕೈತೊಳೆದುಕೊಳ್ಳಲೂ ಆಗುವುದಿಲ್ಲ, ಆ ಮೂರನೇ ಕಾನ್ಚೆರ್ಟೋ ಕೇಳಿದ ಮೇಲೆ.

ನನ್ನನ್ನು ಅದಕ್ಕಿಂತ ಕಾಡುವುದು ಆ ಮನುಷ್ಯ ಮುಂದೆ ಹಿಡಿದ ದಾರಿ. ಪಟ್ಟಕ್ಕೆ ಬಂದ ಮೇಲೆ ಅವರು ಕರ್ನಾಟಕ ಸಂಗೀತದ ಕಡೆ ತಿರುಗಿದರು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರಂಥ ಹಿರಿಯರಿದ್ದರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯೆಯ ಉಪದೇಶವಾಯಿತು. 94 ಕೃತಿಗಳು, ಎಲ್ಲವೂ ಸಂಸ್ಕೃತದಲ್ಲಿ, ಒಂದೊಂದೂ ಬೇರೆ ಬೇರೆ ರಾಗದಲ್ಲಿ. ಪಿಯಾನೋದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಮನೆ ಮನೆಯಾಗಿ ಹಾರಬೇಕು. ಗಮಕವೆಂದರೆ ಆ ಮನೆಗಳ ನಡುವಿನ ಓಣಿಯಲ್ಲೇ ಓಡಾಡುವುದು. ಚಿಕ್ಕಂದಿನಿಂದ ಮನೆಗಳಿಗೆ ಒಗ್ಗಿದ ಕಿವಿ ಓಣಿಗೆ ಇಳಿದದ್ದು ಹೇಗೆ? ಗಂಭೀರನಾಟದ 'ಶ್ರೀ ಜಾಲಂಧರ' ಕೇಳುವಾಗ ಅದರ ಸ್ವರಗಳ ಚೊಕ್ಕ ನಡಿಗೆಯಲ್ಲಿ ನನಗೆ ಹಳೆಯ ಪಿಯಾನೋ ಕೇಳಿಸಿದಂತಾಗುತ್ತದೆ. ವಿದ್ವಾಂಸರು ಒಪ್ಪಲಿಕ್ಕಿಲ್ಲ.

ಜೊತೆಗೆ ತತ್ವಶಾಸ್ತ್ರ. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಋಗ್ವೇದವೂ ಎಷ್ಟೋ ಸಂಸ್ಕೃತ ಗ್ರಂಥಗಳೂ ಕನ್ನಡಕ್ಕೆ ಬಂದವು. ನಮ್ಮೂರ ಹಳೆಯ ಶಾಲೆಯ ಬೀರುವಿನಲ್ಲಿ ಆ ಸಂಪುಟಗಳು ಇದ್ದವು, ಗೆದ್ದಲು ಹಿಡಿಯುವ ತನಕ. ಸ್ವತಃ ಅವರು ದತ್ತಾತ್ರೇಯ ತತ್ವದ ಬಗ್ಗೆ, ಗೀತೆಯ ಬಗ್ಗೆ, ಭಾರತೀಯ ಸೌಂದರ್ಯಶಾಸ್ತ್ರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಾನಡೆ ಉಪನ್ಯಾಸಮಾಲೆಯಲ್ಲಿ ಧರ್ಮ ಮತ್ತು ಮನುಷ್ಯ ಎಂಬ ವಿಷಯವಾಗಿ ಮೇಷ್ಟರಂತೆ ನಿಂತು ಮಾತಾಡಿದರು. ಪುಸ್ತಕಗಳನ್ನು ಓದಿ ಹೇಳುವುದಾದರೆ, ಅವು ಶ್ರದ್ಧೆಯ ಬರಹಗಳು, ಬೆಳಕು ಚಿಮ್ಮುವಂಥವಲ್ಲ. ಅನುಮಾನ ಕಡಿಮೆ. ನನ್ನ ವಿದ್ಯಾರ್ಥಿಗಳಿಗೆ ಕೊಟ್ಟರೆ ಆಕಳಿಸಿಯಾರು. ಕೃತಿಗಳಲ್ಲಿ ಇರುವ ಜೀವ ಗದ್ಯಕ್ಕೆ ಇಳಿದಿಲ್ಲ. ಆದರೂ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದ ರಾಧಾಕೃಷ್ಣನ್ ರಾಷ್ಟ್ರಪತಿ ಭವನಕ್ಕೆ ಹೋದ ಕಾಲದಲ್ಲಿ, ಮೈಸೂರಿನ ಸಿಂಹಾಸನದಲ್ಲಿ ಕೂತಿದ್ದವರು ತತ್ವಶಾಸ್ತ್ರದ ವೇದಿಕೆಗೆ ಬಂದರಲ್ಲ, ಆ ಅದಲುಬದಲು ನನಗೆ ಇಷ್ಟ.

1950ರಲ್ಲಿ ರಾಜಪ್ರಮುಖರಾದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ, ತಮ್ಮ ಮನೆತನ ಆಳಿದ ನೆಲಕ್ಕೇ, ಈಗ ಉತ್ತರ ಕರ್ನಾಟಕವೂ ಸೇರಿ ದೊಡ್ಡದಾದ ರಾಜ್ಯಕ್ಕೆ, ರಾಜ್ಯಪಾಲರಾದರು. ಚುನಾಯಿತ ಸರ್ಕಾರ ಬರೆದುಕೊಟ್ಟ ಭಾಷಣವನ್ನು ಓದಬೇಕಾದ ಕೆಲಸ ಅದು. 1964ರಿಂದ ಎರಡು ವರ್ಷ ಮದರಾಸಿನಲ್ಲಿಯೂ ಅದೇ ಕೆಲಸ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಬಂತು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ವಯಸ್ಸು 55 ಅಷ್ಟೇ. ರಾಜಧನ ರದ್ದಾಗಿ ಆಗಲೇ ಮೂರು ವರ್ಷವಾಗಿತ್ತು.

ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ ಹೇಳುವ ಬದಲು ಮೆಡ್ಟ್ನರ್‌ನ ಹೆಸರನ್ನು ಬೋರ್ಡಿನ ಮೇಲೆ ಬರೆದಿದ್ದೆ. ವಾರದ ನಂತರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಕೇಳಿದೆ ಸರ್, ಹಳೇ ರೆಕಾರ್ಡು, ತುಂಬ ಗೊರಗೊರ ಅನ್ನುತ್ತೆ, ಆದರೂ ಎರಡು ಸಲ ಕೇಳಿದೆ" ಅಂದಳು. ಆಮೇಲೆ ಮೈಸೂರು ಚಲೋ ಬಗ್ಗೆ ಲೈಬ್ರರಿಯಲ್ಲಿ ಯಾವ ಪುಸ್ತಕ ಇದೆ ಎಂದು ಕೇಳಿದಳು.