ಮೈಮೇಲೆ ಹಕ್ಕಳೆ ಎದ್ದ ಕುದುರೆಯನ್ನು ಮುಚ್ಚಿಡಬೇಡಿ

ಹಳ್ಳಿಯಲ್ಲಿ ಬೆಳೆದ ನಮಗೆ ದನವಿರಲಿ ಕುದುರೆಯಿರಲಿ, ಕೂದಲು ಉದುರಿದರೆ ಕೇಳಿಬರುತ್ತಿದ್ದ ಮಾತು ಒಂದೇ: ‘ಕಜ್ಜಿ ಹತ್ತಿದೆ, ಬೇವಿನೆಣ್ಣೆ ಹಚ್ಚು.’ ಎಷ್ಟೋ ಸಲ ಅದು ಕಜ್ಜಿಯೇ ಆಗಿರುತ್ತದೆ. ಆದರೆ ಟಾಂಗಾ ಹೊಡೆಯುವವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ತಿಳಿದಿರಬೇಕಾದ ಬಲು ಅಪರೂಪದ ಕಾಯಿಲೆಯೊಂದಿದೆ. ಹೆಸರು ಸಾರ್ಕಾಯ್ಡೋಸಿಸ್. ನೆದರ್ಲೆಂಡ್ಸ್‌ನ ಪಶುವೈದ್ಯರು 2013ರಲ್ಲಿ ಇಂಥ ಕುದುರೆಗಳ ಬಗ್ಗೆ ಬರೆದಾಗ ಅವರ ಮುಂದಿದ್ದದ್ದು ಬರೀ 22 ಕುದುರೆಗಳು.

ಮೈಯನ್ನು ಕಾಯಬೇಕಾದ ರಕ್ಷಣಾ ಕಣಗಳೇ ಗುಂಪುಗೂಡಿ ಸಣ್ಣ ಸಣ್ಣ ಗಂಟು ಕಟ್ಟುವುದು ಈ ಕಾಯಿಲೆ. ಕಾರಣ ಇನ್ನೂ ಪತ್ತೆಯಾಗಿಲ್ಲ. ಹೆಚ್ಚಾಗಿ ಮುಖ, ಕಾಲುಗಳಲ್ಲಿ ಶುರುವಾಗುತ್ತದೆ. ಹೊಟ್ಟು ಏಳುತ್ತದೆ, ಹಕ್ಕಳೆ ಕಟ್ಟುತ್ತದೆ, ಕೂದಲು ಉದುರುತ್ತದೆ. ಕೆಲವು ಕುದುರೆಗಳಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಇನ್ನು ಕೆಲವದರಲ್ಲಿ ಶ್ವಾಸಕೋಶ, ಯಕೃತ್ತಿನೊಳಗೂ ಗಂಟು ಬೆಳೆಯುತ್ತದೆ. ಆಗ ಕುದುರೆ ಮೇವು ಬಿಡುತ್ತದೆ, ಸೊರಗುತ್ತದೆ, ಏದುಸಿರು ಬಿಡುತ್ತದೆ. ಅಲ್ಲಿಗೆ ಮುಟ್ಟಿದರೆ ಉಳಿಸುವುದು ಕಷ್ಟ.

ಚರ್ಮದ ಮೇಲೆ, ಶ್ವಾಸಕೋಶದಲ್ಲಿ ಗಂಟು ಎಬ್ಬಿಸುವ ಇನ್ನೊಂದು ರೋಗ ಗ್ಲಾಂಡರ್ಸ್. ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ, ಪ್ರಾಣ ತೆಗೆಯುತ್ತದೆ. ಹಾಗಾಗಿ ರೋಗ ಖಚಿತವಾದ ಕುದುರೆಯನ್ನು ಸರ್ಕಾರ ಕೊಲ್ಲಿಸುತ್ತದೆ.

ಕುದುರೆ ಸಾಕುವವರು ನಮ್ಮೊಡನೆ ಹೇಳಿಕೊಂಡದ್ದೂ ಇದೇ ಭಯವನ್ನು: ‘ಡಾಕ್ಟರಿಗೆ ತೋರಿಸಿದರೆ ಕೊಂದುಬಿಡ್ತಾರೆ, ಸುಮ್ಮನಿರೋದೇ ವಾಸಿ.’ ಭಯ ಸಹಜವೇ. ಕುದುರೆ ಹೋದರೆ ಆ ಮನೆಯ ದುಡಿಮೆಯೇ ಹೋಯಿತು. ಆದರೆ ಗಂಟೆಲ್ಲ ಗ್ಲಾಂಡರ್ಸ್ ಅಲ್ಲ. ಅದಲ್ಲ ಎಂದು ಹೇಳಬಲ್ಲದ್ದು ಪರೀಕ್ಷೆ ಮಾತ್ರ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಗ್ಲಾಂಡರ್ಸ್ ಪರೀಕ್ಷೆ ಅಲ್ಲಿ ನಡೆಯುತ್ತದೆ. ಸಾರ್ಕಾಯ್ಡೋಸಿಸ್ ಹೌದೋ ಅಲ್ಲವೋ ಎಂದು ತಿಳಿಯಲು ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಇದಕ್ಕೆ ಕೊಡುವುದು ಸ್ಟಿರಾಯ್ಡ್, ಅದೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಒಳಗೆ ಬೇರೆ ಸೋಂಕಿದ್ದರೆ ಸ್ಟಿರಾಯ್ಡ್‌ನಿಂದ ಅದು ಹೆಚ್ಚುತ್ತದೆ. ಕೆಲವು ಕುದುರೆಗಳಿಗೆ ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲೂ ಆಗುವುದಿಲ್ಲ.

ಸಾರ್ಕಾಯ್ಡೋಸಿಸ್ ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಆದರೂ ಯಾವ ರೋಗವೆಂದು ತಿಳಿಯುವವರೆಗೆ ಕುದುರೆಯನ್ನು ಬೇರೆ ಕಟ್ಟಿ, ನೀರು ಬೇರೆ ಇಡಿ, ಹುಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಳೆ ಎದ್ದ ಜಾಗದ ಫೋಟೋ ತೆಗೆದು, ಎಣ್ಣೆ ಹಚ್ಚುವ ಮೊದಲೇ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಿ.